ಸಾಕ್ಷಿ ಹೇಳದ ಕಣ್ಣುಗಳು

ಬಿದಿರು ದಟ್ಟವಾಗಿ ಬೆಳೆದ ಕಾಡೊಂದರಲ್ಲಿ ಒಂದು ಕೆರೆ ಇತ್ತು. ಅದನ್ನು ಕಾಯಲು ಪ್ರಾಣಿಗಳೆಲ್ಲ ಸೇರಿ ಸೀಳುನಾಯಿಯನ್ನು ನೇಮಿಸಿದ್ದವು. ಕಾಯುವುದೇನೋ ಕಾಯುತ್ತಿತ್ತು. ಆದರೆ ಕೈಗೆ ಸಿಕ್ಕ ಬಡಪಾಯಿಗಳನ್ನು ಕಚ್ಚಿ ಎಳೆದಾಡುತ್ತಿತ್ತು. ಕೇಳುವವರೇ ಇರಲಿಲ್ಲ.

ಆಗ ಟಿಟ್ಟಿಭ ಹಕ್ಕಿ ಒಂದು ಉಪಾಯ ಹೇಳಿತು. "ನಾನು ಕೂಗಿದ ಕೂಡಲೇ ಎಲ್ಲರೂ ಓಡಿ ಬನ್ನಿ. ಜಗಳ ಬೇಡ. ಸುತ್ತ ನಿಂತು ಕಣ್ಣು ಬಿಟ್ಟು ನೋಡಿ. 'ಯಾಕಪ್ಪಾ ಹೊಡೆದೆ?' ಅಂತ ಕೇಳಿ, ಅಷ್ಟೇ."

ಮರುದಿನವೇ ಸೀಳುನಾಯಿ ಮೊಲದ ಕಿವಿ ಹಿಡಿಯಿತು. ಟಿಟ್ಟಿಭ ಕೂಗಿತು. ಜಿಂಕೆ, ಮುಳ್ಳುಹಂದಿ, ಕಾಡುಕೋಣ ಎಲ್ಲವೂ ಬಂದು ನಿಂತವು. "ಯಾಕಪ್ಪಾ ಹೊಡೆದೆ?" ಸೀಳುನಾಯಿ ತೊದಲಿತು. ಮೊಲದ ಕಿವಿ ಬಿಟ್ಟುಬಿಟ್ಟಿತು.

ಅಂದಿನಿಂದ ಕಾಡೆಲ್ಲ ಟಿಟ್ಟಿಭದ್ದೇ ಮಾತು. ನವಿಲಿಗೆ ಅದನ್ನು ಕೇಳಲಾಗಲಿಲ್ಲ. "ಅಲ್ಲಾ, ಆ ಕಡ್ಡಿಕಾಲಿನ ಹಕ್ಕಿಯಲ್ಲಿ ಏನು ಚಂದ ಇದೆ ಅಂತ? ನನ್ನ ಕುಣಿತ ನೋಡುತ್ತಿದ್ದ ಕಣ್ಣುಗಳನ್ನೆಲ್ಲ ಕದ್ದುಬಿಟ್ಟಳಲ್ಲ!" ಯಾರಾದರೂ 'ಟಿಟ್ಟಿಭಕ್ಕ' ಎಂದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಅಂದರೆ ಸಾಮಾನ್ಯವೇ ಮಕ್ಕಳೇ!

ಕೊನೆಗೆ ನವಿಲು ಸೀಳುನಾಯಿಯ ಹತ್ತಿರ ಹೋಯಿತು. "ನಾಯಣ್ಣ, ಬಂಡೆಯ ಆಚೆ ನಾನು ಕುಣೀತೀನಿ. ಎಲ್ಲರೂ ಅಲ್ಲಿಗೆ ಬರ್ತಾರೆ. ಇಲ್ಲಿ ಒಂದು ಕಣ್ಣೂ ಇರಲ್ಲ. ಆ ಹಕ್ಕಿಯ ಬಾಯಿ ಮುಚ್ಚಿಸು."

ಹಾಗೇ ಆಯಿತು. ನವಿಲು ಕುಣಿಯಿತು. ಎಲ್ಲವೂ ಕೇಕೆ ಹಾಕುತ್ತ ನೋಡಿದವು. ಆ ಗದ್ದಲದಲ್ಲಿ ಟಿಟ್ಟಿಭ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಪಾಪ, ಸೀಳುನಾಯಿಯ ಬಾಯಿಗೆ ಸಿಕ್ಕಿ ಅದರ ರೆಕ್ಕೆ ಮುರಿಯಿತು. ಹೇಗೋ ಪೊದೆಯೊಳಗೆ ನುಸುಳಿ ಜೀವ ಉಳಿಸಿಕೊಂಡಿತು.

ಸಂಜೆ ನವಿಲು ಬೀಗುತ್ತ ನೀರಿಗೆ ಬಂತು. ಕೆರೆಯ ಬಳಿ ಯಾರೂ ಇರಲಿಲ್ಲ. ಸೀಳುನಾಯಿ ಹಾರಿ ಅದರ ಬಾಲ ಹಿಡಿಯಿತು.

"ಅಯ್ಯಯ್ಯೋ! ನಾನು ನಿನ್ನ ಕಡೆಯವನಲ್ವಾ?"

"ಯಾವ ಕಡೆಯೋ? ನಿನ್ನ ಗರಿಯಲ್ಲಿ ಇಷ್ಟೊಂದು ಕಣ್ಣಿವೆಯಲ್ಲ, ಯಾವುದು ಸಾಕ್ಷಿ ಹೇಳುತ್ತೋ ನೋಡೋಣ!" ಎಂದು ಸೀಳುನಾಯಿ ಗರಿಗಳನ್ನು ಕಿತ್ತುಹಾಕಿತು.

ಪೊದೆಯಿಂದ ಟಿಟ್ಟಿಭ ನೋವು ನುಂಗಿ ಜೋರಾಗಿ ಕೂಗಿತು. ಈ ಸಲ ಎಲ್ಲವೂ ಓಡಿ ಬಂದವು. ಮುರಿದ ರೆಕ್ಕೆ ನೋಡಿದವು, ಕಿತ್ತ ಗರಿ ನೋಡಿದವು. "ಯಾಕಪ್ಪಾ ಹೊಡೆದೆ?" ಸೀಳುನಾಯಿ ಹಿಂದೆ ಹಿಂದೆ ಸರಿಯಿತು. "ಕಾವಲಿಗೆ ಇಟ್ಟವರು ನಾವು. ಬೇಡ ಅನ್ನೋರೂ ನಾವೇ. ನಡಿ ಆಚೆ," ಎಂದು ಕಾಡುಕೋಣ ಅದನ್ನು ಕಾಡಿನಿಂದಲೇ ಅಟ್ಟಿತು.

ನವಿಲು ಬಿಕ್ಕಿತು. "ನಿನ್ನ ಹಿಡಿದುಕೊಟ್ಟಿದ್ದು ನಾನೇ. ಆದರೂ ನನಗೋಸ್ಕರ ಯಾಕೆ ಕೂಗಿದೆ ಅಕ್ಕಾ?"

"ಏಟು ಯಾರಿಗೆ ಬಿತ್ತು ಅಂತ ನೋಡಿಕೊಂಡು ಕೂಗೋಕಾಗುತ್ತಾ ತಮ್ಮಾ?" ಎಂದಿತು ಟಿಟ್ಟಿಭ.

ಕಾಡಿನ ಕಣ್ಣುಗಳೆಲ್ಲ ಈಗ ನವಿಲಿನ ಮೇಲೆಯೇ ಇದ್ದವು. ಬೋಳು ಬಾಲದ ನವಿಲು ತಲೆ ತಗ್ಗಿಸಿತು.

ನೀತಿ: ಕಾವಲುಗಾರನನ್ನು ಪ್ರಶ್ನಿಸುವವರ ಮೇಲೆ ಹೊಟ್ಟೆಕಿಚ್ಚು ಪಟ್ಟು ಅವರ ಬಾಯಿ ಮುಚ್ಚಿಸಿದರೆ, ನಾಳೆ ನಮಗೆ ಏಟು ಬಿದ್ದಾಗ ಕೇಳುವವರು ಇರುವುದಿಲ್ಲ.