ತಾಯಿಯವರು ಕೇಳಿದ ಸಿಪ್ಪೆ

ಪೂಜ್ಯ ವಿರಜಾತಾಯಿಯವರ ದರ್ಶನಕ್ಕೆ ಬಂದವರು ಮುಂಬಾಗಿಲಲ್ಲಿ ಕಾದು ಪ್ರಯೋಜನವಿರಲಿಲ್ಲ. ಬೆಳಗಿನ ಪೂಜೆ ಮುಗಿಸಿದ ತಾಯಿಯವರು ತಿಪಟೂರಿನ ಆ ಪುಟ್ಟ ಆಶ್ರಮದ ಹಿತ್ತಿಲಲ್ಲಿ, ಒಡಕು ಬಕೆಟ್ಟು, ಎಣ್ಣೆ ಡಬ್ಬಗಳಲ್ಲಿ ಬೆಳೆಸಿದ ಟೊಮ್ಯಾಟೊ ಗಿಡಗಳ ನಡುವೆ ಕುಳಿತಿರುತ್ತಿದ್ದರು. ಅಡುಗೆಮನೆಯ ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆಗಳನ್ನು ಸಣ್ಣಗೆ ಹೆಚ್ಚಿ, ತೂತು ಕೊರೆದ ಮಡಕೆಯಲ್ಲಿ ಒಣ ಎಲೆ, ತೆಂಗಿನ ನಾರಿನ ಪುಡಿಯ ಜೊತೆ ಪದರ ಪದರವಾಗಿ ತುಂಬಿ ಮುಚ್ಚಿಡುವುದು ಅವರ ನಿತ್ಯಕರ್ಮ. ಕಳಿತು ಕಪ್ಪು ಮಣ್ಣಾದ ಮೇಲೆ ಅದು ಗಿಡಗಳ ಬುಡ ಸೇರುತ್ತಿತ್ತು. ಮೋಕ್ಷದ ಪ್ರಶ್ನೆ ಹೊತ್ತು ಬಂದವರಿಗೂ ತಾಯಿಯವರು ಮೊದಲು ಒಂದು ಮೊರ ಸಿಪ್ಪೆ ಕೊಟ್ಟು ಹೆಚ್ಚಲು ಹೇಳುತ್ತಿದ್ದರು. ಎಷ್ಟೋ ಪ್ರಶ್ನೆಗಳು ಆ ಮೊರದಲ್ಲೇ ಮುಗಿದುಹೋಗುತ್ತಿದ್ದವು.

ಒಂದು ಭಾನುವಾರ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಪ್ರಮೀಳಾ ಅಲ್ಲಿಗೆ ಬಂದರು. ಕೈಯಲ್ಲಿ ಬುಡ ಕೊಳೆತ ಟೊಮ್ಯಾಟೊ ಗಿಡ, ಬೇರು ಸಮೇತ. ನಮಸ್ಕಾರವನ್ನು ಅವಸರದಲ್ಲೇ ಮುಗಿಸಿ ಅದನ್ನು ತಾಯಿಯವರ ಮುಂದಿಟ್ಟರು.

"ನೋಡಿ ತಾಯಿ, ನಮ್ಮತ್ತೆ ಮಾಡಿರೋ ಕೆಲಸ."

ಅತ್ತೆ ತಿಮ್ಮಾಜಮ್ಮ, ಗಂಡ ತೀರಿಕೊಂಡ ಮೇಲೆ ಹಿರಿಮಗನ ಮನೆಗೆ ಬಂದಿದ್ದವರು. ಹಿಂದೊಮ್ಮೆ ಆಶ್ರಮಕ್ಕೂ ಬಂದುಹೋಗಿದ್ದರು.

"ನಿಮ್ಮ ಹಿತ್ತಿಲು ನೋಡ್ಕೊಂಡು ಬಂದ್ರಲ್ಲ, ಅವತ್ತಿಂದ ಶುರು. ತಾರಸಿ ಮೇಲೆ ನಾನಿಟ್ಟಿರೋ ಗಿಡಕ್ಕೆ ಮಿಕ್ಕಿದ ಸಾರು ಹುಯ್ತಾರೆ. ಮೊಸರನ್ನ ಹಾಕ್ತಾರೆ. ಉಪ್ಪಿಟ್ಟು ಹಾಕ್ತಾರೆ ತಾಯಿ, ಒಗ್ಗರಣೆ ಸಮೇತ. ಉಪ್ಪು, ಎಣ್ಣೆ ಬಿದ್ರೆ ಗಿಡ ಉಳಿಯುತ್ತಾ? ಇರುವೆ ಮುತ್ತಿತು, ಹೆಗ್ಗಣ ಬಂತು, ಪಕ್ಕದ್ಮನೆಯವರು ವಾಸನೆ ಅಂತ ಜಗಳಕ್ಕೆ ಬಂದ್ರು. ಹಾಕ್ಬೇಡಿ ಅಂದ್ರೆ 'ಆಯ್ತಮ್ಮ' ಅಂತಾರೆ. ಮಾರನೇ ದಿನ ನೋಡಿದ್ರೆ ಬುಡದಲ್ಲಿ ಶಾವಿಗೆ."

ಪಕ್ಕದಲ್ಲಿ ಸಿಪ್ಪೆ ಹೆಚ್ಚುತ್ತಿದ್ದ ಭಕ್ತರೊಬ್ಬರು ನಕ್ಕರು. ಪ್ರಮೀಳಾ ನಗಲಿಲ್ಲ.

"ಮುಂದಿನ ಭಾನುವಾರ ದಾವಣಗೆರೆಗೆ, ಮೈದುನನ ಮನೆಗೆ ಕಳಿಸ್ಬಿಡೋದು ಅಂತ ತೀರ್ಮಾನ ಮಾಡಿದೀವಿ. ಅವರಿಗಿನ್ನೂ ಗೊತ್ತಿಲ್ಲ. ನೀವು ಹೇಳಿದ್ರೆ ಬೇಜಾರು ಮಾಡ್ಕೊಳ್ದೆ ಹೋಗ್ತಾರೆ. ಅದಕ್ಕೇ ಬಂದೆ."

ತಾಯಿಯವರು ಗಿಡವನ್ನೆತ್ತಿ, ಬೇರನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು.

"ನಿಮ್ಮನೇಲಿ ತರಕಾರಿ ಸಿಪ್ಪೆ ಏನಾಗುತ್ತಮ್ಮ?"

"ಕಸದ ಗಾಡಿಗೆ. ಬೆಳಿಗ್ಗೆ ಎದ್ದು ತರಕಾರಿ ಹೆಚ್ಚಿ, ಸಿಪ್ಪೆ ಕವರಲ್ಲಿ ಕಟ್ಟಿ ಗೇಟಿಗೆ ಸಿಕ್ಕಿಸಿಬಿಡ್ತೀನಿ."

"ಅತ್ತೆ ಹೆಚ್ಚೋದಿಲ್ಲವೆ?"

"ಅವರ ಕೈಗೆ ಕೊಟ್ರೆ ಒಂದು ಹೀರೇಕಾಯಿಗೆ ಅರ್ಧ ಗಂಟೆ ತಾಯಿ. ನನಗೆ ಬಸ್ಸು ತಪ್ಪುತ್ತೆ. ಅಡುಗೆಮನೆ ತಲೆನೋವು ನಿಮಗ್ಯಾಕೆ, ಆರಾಮಾಗಿ ಕೂತ್ಕೊಳ್ಳಿ ಅಂದಿದೀನಿ. ಊಟ ಆದ್ಮೇಲೆ ಮಿಕ್ಕಿದ್ದು ತೆಗೆದು ಪಾತ್ರೆ ಖಾಲಿ ಮಾಡೋದಷ್ಟೇ ಅವರ ಕೆಲಸ."

"ಹಾಗಾದರೆ, ಕೈಗೆ ಸಿಕ್ಕಿದ್ದನ್ನ ಅವರು ಗಿಡಕ್ಕೆ ಕೊಟ್ಟಿದ್ದಾರೆ."

ಪ್ರಮೀಳಾ ಕೊಂಚ ಬಿಗುಮಾನದಿಂದಲೇ ಕೇಳಿದರು. "ಅಂದ್ರೆ, ತಪ್ಪು ನನ್ನದೇ ಅಂತೀರಾ?"

"ಮನೇಲಿ ಈಳಿಗೆಮಣೆ ಇದೆಯೆ?" ಎಂದರು ತಾಯಿಯವರು.

"ಅಟ್ಟದ ಮೇಲಿದೆ. ಅವರದೇ, ಊರಿಂದ ತಂದಿದ್ದು."

"ಇಳಿಸಿ ಕೊಡಮ್ಮ. ದಾವಣಗೆರೆ ಮಾತು ಆಮೇಲೆ ಆಡೋಣ."

ಇಷ್ಟು ಹೇಳಿ ತಾಯಿಯವರು ಒಂದು ಮೊರ ಸಿಪ್ಪೆಯನ್ನು ಪ್ರಮೀಳಾರತ್ತ ಸರಿಸಿದರು. ಪ್ರಮೀಳಾ ಅದಷ್ಟನ್ನೂ ಹೆಚ್ಚಿದರು.

ಅಂದು ಸಂಜೆ ಈಳಿಗೆಮಣೆ ಕೆಳಗಿಳಿಯಿತು. ತಿಮ್ಮಾಜಮ್ಮನವರು ಅದರ ಧೂಳನ್ನು ಸೆರಗಿನಿಂದ ಒರೆಸಿ, "ನಾಳೆ ಏನು ಹುಳಿ ಮಾಡ್ತೀಯಮ್ಮ?" ಎಂದು ಕೇಳಿದರು. ಆ ಮನೆಗೆ ಬಂದ ಮೇಲೆ ಅವರು ತಾವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಪ್ರಮೀಳಾ ಒಳಗೆ ಹೋಗಿ ತರಕಾರಿ ಬುಟ್ಟಿಯನ್ನೇ ತಂದು ಅತ್ತೆಯ ಮುಂದಿಟ್ಟರಂತೆ. ಮಾರನೇ ದಿನದ ತರಕಾರಿ ಹಿಂದಿನ ಸಂಜೆಯೇ ಹೆಚ್ಚಿಡುವ ಪದ್ಧತಿ ಹಾಗೆ ಶುರುವಾಯಿತು. ಸಿಪ್ಪೆ, ಆಶ್ರಮದ ಹಾಗೆಯೇ ತಾರಸಿಯಲ್ಲಿಟ್ಟ ತೂತಿನ ಮಡಕೆಗೆ ಹೋಯಿತು. ಸಾರು ಮತ್ತೆಂದೂ ತಾರಸಿ ಹತ್ತಲಿಲ್ಲ.

ಹಾಗೆಂದು ಪ್ರಮೀಳಾರ ಗೊಣಗಾಟವೇನೂ ನಿಲ್ಲಲಿಲ್ಲ. ಅವರೇ ತಾಯಿಯವರ ಬಳಿ ಬಂದು ದೂರಿದರು: "ಸಿಪ್ಪೆ ಮಾತ್ರ ದಾರದ ಹಾಗೆ ಹೆಚ್ತಾರೆ ತಾಯಿ. ಹುಳಿಗೆ ಹಾಕೋ ಹೋಳು ಮುಷ್ಟಿಗಾತ್ರ. ಗಿಡಕ್ಕೊಂದು ನ್ಯಾಯ, ನಮಗೊಂದು ನ್ಯಾಯ." ತಾಯಿಯವರು ಕಣ್ಣಲ್ಲೇ ನಕ್ಕರು.

ಹೊಸ ಗಿಡಗಳು ಮೇಲೆದ್ದ ಕಾಲಕ್ಕೆ ದಾವಣಗೆರೆಯ ಮೈದುನ ತಾನಾಗಿ ಬಂದು, ಅಮ್ಮನನ್ನು ಸ್ವಲ್ಪ ದಿನ ಕರೆದುಕೊಂಡು ಹೋಗುತ್ತೇನೆಂದ. ಆಗ ಊಟಕ್ಕೆ ಕುಳಿತಿದ್ದ ಪ್ರಮೀಳಾ, "ಈಗ ಆಗಲ್ಲಪ್ಪ, ಗಿಡ ಹೂ ಬಿಟ್ಟಿದೆ. ಅತ್ತೆ ಇಲ್ಲದೆ ಯಾರು ನೋಡ್ತಾರೆ?" ಎಂದುಬಿಟ್ಟರಂತೆ. ಹಾಗೆನ್ನುವಾಗ ಸೊಸೆಯ ಬಾಯಲ್ಲಿ ಅರೆಬೆಂದ ಸೀಮೆಬದನೆಯ ದೊಡ್ಡ ಹೋಳೊಂದಿತ್ತೆಂದೂ, ಅದನ್ನು ಉಗುಳದೆ ಅಗಿದು ನುಂಗಿದಳೆಂದೂ ತಿಮ್ಮಾಜಮ್ಮನವರೇ ತಾಯಿಯವರ ಪಾದದ ಬಳಿ ಕುಳಿತು ಕಣ್ಣೊರೆಸಿಕೊಳ್ಳುತ್ತ ಹೇಳಿದರು.