ಮೂರು ಮುಳುಗು

ಹೊಳೆಯ ಈಚೆ ದಡದಲ್ಲಿ ಆಶ್ರಮ. ಆಚೆ ದಡದಲ್ಲಿ ಧರಣಿಪಟ್ಟಣ.

ಆ ಊರಿನ ಹೆಸರೆತ್ತಿದರೆ ಮೂಗು ಮುರಿಯದವರಿರಲಿಲ್ಲ. ಕಳ್ಳರ ಊರು, ಕುಡುಕರ ಊರು, ಹೆಣಕ್ಕೂ ಹೆಗಲು ಕೊಡದವರ ಊರು ಅನ್ನುತ್ತಿದ್ದರು. ಹಾಗನ್ನುವವರಲ್ಲಿ ಅರ್ಧಕ್ಕರ್ಧ ಜನ ಅದನ್ನು ಕಣ್ಣಿಂದ ಕಂಡವರೇ ಅಲ್ಲ. ಅಲ್ಲಿಗೆ ಹೋಗಿ ಬಂದವರು ಹೊಳೆಯಲ್ಲಿ ಮೂರು ಸಲ ಮುಳುಗಿಯೇ ಆಶ್ರಮದ ಮೆಟ್ಟಿಲು ಹತ್ತಬೇಕೆಂದು ಒಂದು ಕಟ್ಟಳೆಯೂ ಇತ್ತು. ಯಾವ ಪುಣ್ಯಾತ್ಮ ಮಾಡಿದ್ದೋ ಏನೋ.

ಶಿಷ್ಯ ತಿರುಮಲನ ಅಣ್ಣ ಅನಂತ ದುಡಿಯಲೆಂದು ಆ ಊರಿಗೆ ಹೋಗಿ, ಅಲ್ಲೇ ಜ್ವರ ಬಂದು ಸತ್ತು ಹನ್ನೊಂದು ವರ್ಷವಾಗಿತ್ತು. ಪ್ರತಿವರ್ಷ ತಿಥಿಯ ದಿನ ತಿರುಮಲ ಈಚೆ ದಡದಲ್ಲೇ ಪಿಂಡ ಇಡುತ್ತಿದ್ದ, ಪಟ್ಟಣಕ್ಕೆ ಬೆನ್ನು ಮಾಡಿ.

ಈ ವರ್ಷ ಹೊತ್ತು ನೆತ್ತಿಗೇರಿದರೂ ಕಾಗೆ ಪಿಂಡ ಮುಟ್ಟಲಿಲ್ಲ.

ಗುರುಗಳು ಬಂದು ಪಕ್ಕದಲ್ಲಿ ಕುಳಿತರು. "ನಿಮ್ಮಣ್ಣನಿಗೆ ಕೊನೆಗೆ ಏನು ಬೇಕಾಗಿತ್ತೋ?"

"ಅದನ್ನು ಆ ಊರನ್ನೇ ಕೇಳಬೇಕು, ಗುರುಗಳೇ. ನನ್ನಣ್ಣನನ್ನು ದಿಕ್ಕಿಲ್ಲದವನ ಹಾಗೆ ಸಾಯಿಸಿದ ಊರು ಅದು."

"ಹಾಗಾದರೆ ಹೋಗಿ ಕೇಳಿ ಬಾ."

"ಯಾರನ್ನು ಕೇಳಲಿ?"

"ಮೊದಲು ಸಿಕ್ಕವರನ್ನು. ಬುತ್ತಿ ಒಯ್ಯಬೇಡ."

ತಿರುಮಲ ಒಲ್ಲದ ಮನಸ್ಸಿನಿಂದ ದೋಣಿ ಹತ್ತಿದ. ಹೊಟ್ಟೆಯಲ್ಲಿ ಹಸಿವಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

ಸಂಜೆ ಮರಳಿದಾಗ ಗುರುಗಳು ಮೆಟ್ಟಿಲ ಮೇಲೆ ಕಾದಿದ್ದರು. ತಿರುಮಲ ಮೊಣಕಾಲುದ್ದ ನೀರಿನಲ್ಲೇ ನಿಂತ. ಅವನ ಕೈಯಲ್ಲಿ ಹಳೆಯ ಟವಲಿನ ಒಂದು ಗಂಟಿತ್ತು.

"ಯಾರು ಸಿಕ್ಕರು?"

"ದೋಣಿಕಟ್ಟೆಯಲ್ಲಿ ಕೇಳಿದೆ. ಒಬ್ಬ ಹಮಾಲ ತನ್ನ ಕೆಲಸ ಬಿಟ್ಟು ಜೊತೆಗೆ ಬಂದ. ಮಂಡಕ್ಕಿ ಭಟ್ಟಿಯ ದ್ಯಾಮವ್ವನ ಮನೆಗೆ ಕರೆದೊಯ್ದ. ಅಣ್ಣ ಅವಳ ಭಟ್ಟಿಯಲ್ಲೇ ಕೆಲಸಕ್ಕಿದ್ದನಂತೆ. ನನ್ನ ಮುಖ ನೋಡುತ್ತಲೇ, 'ಅನಂತನ ತಮ್ಮ ಹೌದಲ್ಲೋ? ಈಗ ಬಂದೇನಪ್ಪಾ' ಅಂದಳು. ಕೂರಿಸಿ ಬಡಿಸಿದಳು."

"ಉಂಡೆಯಾ?"

"ಉಂಡೆ."

ಗುರುಗಳು ತಲೆದೂಗಿದರು.

"ಅಣ್ಣ ಹದಿನೆಂಟು ದಿನ ಮಲಗಿದ್ದನಂತೆ. ಓಣಿಯವರು ಪಾಳಿ ಹಾಕಿಕೊಂಡು ನೋಡಿಕೊಂಡರಂತೆ. ಅವನಿಗೆ ಹೆಗಲು ಕೊಟ್ಟ ನಾಲ್ವರನ್ನೂ ದ್ಯಾಮವ್ವ ಕರೆಸಿ ತೋರಿಸಿದಳು. ಅವರಲ್ಲೊಬ್ಬ ಕಳ್ಳ, ಗುರುಗಳೇ. ತಾನೇ ಹೇಳಿದ. ಅಣ್ಣನ ಮಾತು ಬಂದಾಗ ಎಲ್ಲರಿಗಿಂತ ಮೊದಲು ಅವನೇ ಕಣ್ಣೊರೆಸಿಕೊಂಡ."

"ಮತ್ತೆ?"

"ಆ ಹದಿನೆಂಟು ದಿನವೂ ಓಣಿಯವರೊಬ್ಬರು ದೋಣಿಕಟ್ಟೆಗೆ ಬಂದು ನಿಲ್ಲುತ್ತಿದ್ದರಂತೆ."

"ಯಾಕೆ?"

"ನಾನು ಬಂದರೆ ದಾರಿ ತೋರಿಸೋದಕ್ಕೆ."

"ನೀನು ಬರುತ್ತೀಯೆಂದು ಅವರಿಗೆ ಹೇಗೆ ಗೊತ್ತು?"

ಹನ್ನೊಂದು ವರ್ಷ ಯಾರ ಮುಂದೆಯೂ ಬಾಯಿಬಿಡದ ಮಾತು ಅದು. ನೀರಿನ ಕಡೆ ನೋಡುತ್ತ ಹೇಳಿದ.

"ಹೇಳಿ ಕಳಿಸಿದ್ದರು. ಅಣ್ಣನಿಗೆ ಜ್ವರ, ನಿನ್ನನ್ನೇ ಕೇಳುತ್ತಾನೆ, ಬೇಗ ಬಾ ಅಂತ. ಆ ಊರಿಗೆ ಯಾರು ಹೋಗುತ್ತಾರೆ ಅಂದುಕೊಂಡು ನಾನು ಹೋಗಲಿಲ್ಲ."

ಆಮೇಲೆ ಅವನು ಅತ್ತ. ಅಣ್ಣ ಸತ್ತ ಸುದ್ದಿ ಬಂದ ದಿನವೂ ಅಷ್ಟು ಅತ್ತಿರಲಿಲ್ಲ.

ಗುರುಗಳು ಕೈ ಚಾಚಿ ಗಂಟನ್ನು ಇಸಿದುಕೊಂಡು ಬಿಚ್ಚಿದರು. ದ್ಯಾಮವ್ವ ಕಟ್ಟಿಕೊಟ್ಟ ಮಂಡಕ್ಕಿ. ಟವಲು ಅನಂತನದು. ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

ತಿರುಮಲ ಕೇಳಿದ, "ಗುರುಗಳೇ, ನಾನೀಗ ಮುಳುಗಬೇಕೇ?"

"ಹೋಗಿ ಬಂದವರಿಗೆ ಮೂರು ಮುಳುಗು ಅಂತ ಹಿಂದಿನವರು ಮಾಡಿಟ್ಟಿದ್ದಾರೆ. ಹೋಗದೆ ಉಳಿದವರಿಗೆ ಎಷ್ಟು ಅಂತ ಯಾರೂ ಹೇಳಿಲ್ಲ, ಮಗೂ."