ಕೆರೆಯ ಮುತ್ತು ಕೊಂಡ ವರ್ತಕ

“ಗುರುಗಳೇ, ಒಬ್ಬರನ್ನು ನಂಬುವ ಮೊದಲು ಅವರನ್ನು ಎಷ್ಟರಮಟ್ಟಿಗೆ ಪರೀಕ್ಷಿಸಬೇಕು?”

ಹೀಗೆ ಕೇಳಿದವನು ಮರುಳಪ್ಪ. ಹಲವು ಮಠಗಳನ್ನು ಕಂಡು, ಹಲವರ ಬಳಿ ಕಲಿತು, ಎಲ್ಲಿಯೂ ನಿಲ್ಲದೆ ಈ ಗುರುಗಳ ಬಳಿಗೆ ಬಂದಿದ್ದ. ಬಂದು ಬಹಳ ಕಾಲವಾಗಿದ್ದರೂ ದೀಕ್ಷೆ ಬೇಡಿರಲಿಲ್ಲ. ಗುರುಗಳೂ ಆ ಮಾತು ಎತ್ತಿರಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಮುತ್ತಿನ ವರ್ತಕನಿದ್ದ. ಅವನದು ಸಮುದ್ರದ ಮುತ್ತಿನ ವ್ಯಾಪಾರವಲ್ಲ. ಕೆರೆಯಲ್ಲಿ ಸಾಕಿ ತೆಗೆದ ಸಿಹಿನೀರಿನ ಮುತ್ತಿನದು. ಚಿಪ್ಪಿನ ಬಾಯನ್ನು ಸ್ವಲ್ಪವೇ ತೆರೆದು, ಒಳಗೆ ಚಿಪ್ಪಿನ ಚೂರು ತೇದು ಮಾಡಿದ ಒಂದು ಕಾಳನ್ನಿಟ್ಟು, ಮತ್ತೆ ನೀರಿಗೆ ಇಳಿಬಿಡುತ್ತಾರೆ. ಒಳಗಿನ ಜೀವ ಆ ಕಾಳಿನ ಮೇಲೆ ಪದರದ ಮೇಲೆ ಪದರ ಹೊದಿಸುತ್ತದೆ. ಕಾದಷ್ಟೂ ಪದರ ದಪ್ಪವಾಗುತ್ತದೆ, ಹೊಳಪು ಏರುತ್ತದೆ. ಅವು ಸಾಕಿದ ಮುತ್ತುಗಳೇ ಹೊರತು ಸುಳ್ಳು ಮುತ್ತುಗಳಲ್ಲ. ಆದರೆ ಅವುಗಳ ನಡುವೆ ಗಾಜಿನ ಮಣಿ ಬೆರೆಸುವವರಿದ್ದಾರೆ. ಎಳೆಯದನ್ನು ಬಲಿತದ್ದೆಂದು ದಾಟಿಸುವವರೂ ಇದ್ದಾರೆ. ಕೊಳ್ಳುವವನಿಗೆ ಕಣ್ಣು ಬೇಕು.

ಈ ವರ್ತಕನಿಗೆ ಆ ಕಣ್ಣಿತ್ತು. ಮೊದಲು ಮುತ್ತನ್ನು ಮುಂದಿನ ಹಲ್ಲಿಗೆ ಉಜ್ಜುತ್ತಿದ್ದ. ನುಣ್ಣನೆಯ ಮರಳಿನಂತೆ ತರಿತರಿಯಾಗಿ ತಾಗಿದರೆ ನಿಜ, ಜಾರಿದರೆ ಗಾಜು. ಆಮೇಲೆ ತಟ್ಟೆಯಲ್ಲಿ ಉರುಳಿಸುತ್ತಿದ್ದ. ನೇರವಾಗಿ ಉರುಳಿದರೆ ದುಂಡು, ಓಲಾಡಿದರೆ ಸೊಟ್ಟ. ಕಡೆಗೆ ಬಿಳಿ ಬಟ್ಟೆಯ ಮೇಲಿಟ್ಟು ಬೆಳಕಿನಲ್ಲಿ ಹೊಳಪು ನೋಡುತ್ತಿದ್ದ. ಕಿಟಕಿಯ ಅಂಚು ಮುತ್ತಿನೊಳಗೆ ಗೆರೆ ಎಳೆದಂತೆ ಕಂಡರೆ ಕೊಳ್ಳುತ್ತಿದ್ದ, ಹಾಲಿನಲ್ಲಿ ಕಲಸಿದಂತೆ ಕಂಡರೆ ಪಕ್ಕಕ್ಕೆ ಸರಿಸುತ್ತಿದ್ದ. ಮಾರುವವರ ಮಾತನ್ನು ಮಾತ್ರ ಅವನು ಎಂದೂ ಕಿವಿಗೆ ಹಾಕಿಕೊಂಡವನಲ್ಲ. ಅವರು ಹೊಗಳಿದ್ದನ್ನು ಅನುಮಾನಿಸುತ್ತಿದ್ದ. ಅವರು ಬೇಡವೆಂದದ್ದನ್ನು ಇನ್ನೂ ಹೆಚ್ಚು ಅನುಮಾನಿಸುತ್ತಿದ್ದ. “ನನ್ನ ಹಲ್ಲು ಸುಳ್ಳು ಹೇಳುವುದಿಲ್ಲ. ಅವರ ನಾಲಗೆ ಹೇಳುತ್ತದೆ” ಎನ್ನುತ್ತಿದ್ದ. ಅವನನ್ನು ಯಾರಿಂದಲೂ ಮೋಸಗೊಳಿಸಲಾಗಲಿಲ್ಲ. ಪೇಟೆಯಲ್ಲಿ ಅದೇ ಅವನ ಹೆಸರು.

ವಯಸ್ಸಾದ ಮೇಲೆ ಅವನ ಕಣ್ಣು ಮಂಜಾಗತೊಡಗಿತು. ಒಳಗಿನ ನರ ಸೊರಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ವೈದ್ಯರು ಹೇಳಿದರು. ಇದನ್ನು ಅವನು ಹೆಂಡತಿಗೂ ಹೇಳಲಿಲ್ಲ. ದಾರಿ ಕಾಲಿಗೆ ಗೊತ್ತಿತ್ತು, ಗಿರಾಕಿಯ ಗುರುತು ದನಿಯಿಂದ ಸಿಗುತ್ತಿತ್ತು. ಹಲ್ಲೂ ಬೆರಳೂ ಮೊದಲಿನಂತೆಯೇ ಇದ್ದವು. ಹೊಳಪೊಂದೇ ಕಾಣುತ್ತಿರಲಿಲ್ಲ. ಅಷ್ಟನ್ನು ಅಂದಾಜಿನಲ್ಲಿ ನಡೆಸಬಹುದು ಎಂದುಕೊಂಡ.

ಆಗ ಅದೇ ಪೇಟೆಯ ಒಬ್ಬ ತಾಯಿ ಮಗಳ ಮದುವೆಗೆ ಮುತ್ತಿನ ಹಾರ ಬೇಕೆಂದು ಬಂದಳು. ಆ ತಾಯಿಯ ಮದುವೆಯ ಹಾರವನ್ನೂ ಆರಿಸಿ ಕೊಟ್ಟವನು ಇವನೇ. “ನೀವು ನೋಡಿದರೆ ಸಾಕು. ನಾನು ನೋಡುವುದೇನೂ ಇಲ್ಲ” ಎಂದಳು.

ವರ್ತಕ ಬಸ್ಸು ಹತ್ತಿ ದ್ಯಾಮವ್ವನ ಕೆರೆಗೆ ಹೋದ. ದ್ಯಾಮವ್ವ ಅಲ್ಲಿ ಮುತ್ತು ಸಾಕಿ ಬದುಕುತ್ತಿದ್ದ ಹೆಂಗಸು. ಅಂದು ಬೇರೆ ವರ್ತಕರೂ ಬಂದಿದ್ದರು. ಎಲ್ಲರೂ ಅವಳ ಜಗಲಿಯ ಮೇಲೆ ತಟ್ಟೆಗಳ ಮುಂದೆ ಕುಳಿತಿದ್ದರು. ಇವನು ಒಂದು ತಟ್ಟೆಯನ್ನು ಎಳೆದುಕೊಂಡ. ಹಲ್ಲಿಗೆ ಉಜ್ಜಿದ, ತರಿತರಿಯಾಗಿ ತಾಗಿತು. ಉರುಳಿಸಿದ, ನೇರವಾಗಿ ಉರುಳಿತು. ಬಟ್ಟೆಯ ಮೇಲಿಟ್ಟು ತಲೆ ಬಾಗಿಸಿ ಬಹಳ ಹೊತ್ತು ನೋಡಿದ.

ದ್ಯಾಮವ್ವ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: “ಅವು ಬೇಡ ಯಜಮಾನರೇ. ನೀರು ಕೆಟ್ಟಿತೆಂದು ಅವಸರಕ್ಕೆ ತೆಗೆದ ಚಿಪ್ಪಿನವು. ಆ ಕಡೆಯ ತಟ್ಟೆಯವನ್ನು ತೆಗೆದುಕೊಳ್ಳಿ.”

ವರ್ತಕ ಆ ಕಡೆಯ ತಟ್ಟೆಗೆ ಕೈ ಹಾಕಿದ. ಮುತ್ತುಗಳು ಬೆರಳಿಗೆ ಅಷ್ಟು ದುಂಡಗೆ ಸಿಗಲಿಲ್ಲ. ಅವನ ಮನಸ್ಸು ಎಂದಿನ ದಾರಿ ಹಿಡಿಯಿತು. ದುಂಡನೆಯವನ್ನು ಬೇರೆ ಯಾರಿಗೋ ಮುಡಿಪಿಟ್ಟಿದ್ದಾಳೆ, ಸೊಟ್ಟವನ್ನು ನನ್ನ ಕೊರಳಿಗೆ ಕಟ್ಟುತ್ತಿದ್ದಾಳೆ ಎಂದುಕೊಂಡ.

“ನನಗೆ ಇವೇ ಇರಲಿ” ಎಂದ. ಅವಳು ಮತ್ತೊಮ್ಮೆ ಬೇಡವೆಂದಳು. ಅವಳು ಬೇಡವೆಂದಷ್ಟೂ ಅವನಿಗೆ ಧೈರ್ಯ ಬಂತು.

ಹಾರ ಪೋಣಿಸಿ ಮದುಮಗಳ ಮನೆಗೆ ಕೊಟ್ಟ. ಮರುದಿನ ತಾಯಿ ಹಾರ ಹಿಡಿದು ಅಂಗಡಿಗೆ ಬಂದಳು. ಅವಳು ಸಿಟ್ಟಾಗಿರಲಿಲ್ಲ.

“ಇವನ್ನು ನೀವೇ ಆರಿಸಿದಿರಾ?” ಎಂದು ಕೇಳಿದಳು. “ಸುಣ್ಣದ ಉಂಡೆಗಳ ಹಾಗಿವೆ. ಇಷ್ಟು ವರ್ಷ ನಿಮ್ಮನ್ನು ನಂಬಿ ನಾನು ನೋಡಿದವಳೇ ಅಲ್ಲ. ನಿನ್ನೆ ಮಗಳು ಅತ್ತಳು, ಅದಕ್ಕೆ ನೋಡಿದೆ.”

ಅಂಗಡಿಯಲ್ಲಿ ಜನರಿದ್ದರು. ಕಣ್ಣು ಹೋಗಿದೆ ಎಂದರೆ ಅಂಗಡಿ ಮುಚ್ಚಿದಂತೆ. ವರ್ತಕ ಹೇಳಿದ: “ಕೆರೆಯವಳು ತಟ್ಟೆ ಬದಲಿಸಿ ಮೋಸ ಮಾಡಿದ್ದಾಳೆ.”

ಎಂದೂ ಮೋಸ ಹೋಗದವನ ಬಾಯಿಂದ ಬಂದ ಮಾತು. ಎಲ್ಲರೂ ನಂಬಿದರು. ಸಂಜೆಯೊಳಗೆ ಮಾತು ಪೇಟೆಯ ಬೀದಿಗಳನ್ನೆಲ್ಲ ದಾಟಿತು. ದ್ಯಾಮವ್ವನ ಕೆರೆಗೆ ಹೋಗುತ್ತಿದ್ದ ವರ್ತಕರು ಬೇರೆ ಕೆರೆಗಳ ದಾರಿ ಹಿಡಿದರು.

ಒಮ್ಮೆ ಆಡಿದ ಮೇಲೆ ವರ್ತಕನಿಗೇ ಆ ಮಾತು ನಿಜವೆನ್ನಿಸತೊಡಗಿತು. ನಿಜವಾಗಿಯೂ ತಟ್ಟೆ ಬದಲಿಸಿರಬಹುದು. ಹಾಗಿಲ್ಲದಿದ್ದರೆ ನನಗೆ ಹೀಗಾಗುವುದುಂಟೇ? ಅವಳನ್ನು ಕೇಳಿಯೇ ಬಿಡುತ್ತೇನೆಂದು ಹಾರವನ್ನು ಜೇಬಿಗಿಟ್ಟುಕೊಂಡು ಮತ್ತೆ ಕೆರೆಗೆ ಹೋದ.

ಜಗಲಿಯಲ್ಲಿ ಯಾರೂ ಇರಲಿಲ್ಲ. ತುಂಬಿದ ತಟ್ಟೆಗಳ ಮೇಲೆ ಬಟ್ಟೆ ಮುಚ್ಚಿತ್ತು. ದ್ಯಾಮವ್ವ ಚಿಪ್ಪು ತೊಳೆಯುತ್ತಿದ್ದಳು. ಅವನು ಹಾರವನ್ನು ಅವಳ ಮುಂದೆ ಹಾಕಿ, “ಇದೇನು ಮಾಡಿದೆ?” ಎಂದ.

“ಬೇಡವೆಂದು ಹೇಳಿದೆ” ಎಂದಳು ದ್ಯಾಮವ್ವ. “ನೀವು ನನ್ನ ಮಾತನ್ನೂ ಹಲ್ಲಿಗೆ ಉಜ್ಜಿ ನೋಡಿದಿರಿ.”

ವರ್ತಕ ನಿಂತೇ ಇದ್ದ. ಅವಳ ದನಿಯಲ್ಲಿ ಅಂಜಿಕೆಯಿರಲಿಲ್ಲ, ಜಗಳವೂ ಇರಲಿಲ್ಲ. ತಾನು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಅವನ ನಾಲಗೆಗೆ ಬರಲಿಲ್ಲ. ಜಗಲಿಯನ್ನು ಕೈಯಿಂದ ತಡವಿ ಕುಳಿತ. ಹೆಂಡತಿಗೂ ಹೇಳದ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ.

“ನನಗೆ ಕಣ್ಣು ಕಾಣುವುದಿಲ್ಲ.”

“ಗೊತ್ತು. ಅವತ್ತೇ ಗೊತ್ತಾಯಿತು. ಬೆಳಕಿಗೆ ಬೆನ್ನು ಹಾಕಿ ಕುಳಿತು ಹೊಳಪು ನೋಡುತ್ತಿದ್ದಿರಿ.”

“ಮತ್ತೆ ಹೇಳಲಿಲ್ಲ ಏಕೆ?”

“ಅಷ್ಟು ವರ್ತಕರು ಕುಳಿತಿದ್ದರಲ್ಲ ಯಜಮಾನರೇ. ಅವರ ಮುಂದೆ ಹೇಗೆ ಹೇಳಲಿ?”

ಚಿಪ್ಪು ತೊಳೆಯುತ್ತಲೇ ಅವಳು ಮತ್ತೆ ಹೇಳಿದಳು: “ನೀವು ಪೇಟೆಯಲ್ಲಿ ಆಡಿದ ಮಾತು ಇಲ್ಲಿಗೂ ಬಂತು.”

ವರ್ತಕ ತಲೆ ತಗ್ಗಿಸಿದ. ಅವಳು ಅವನ ಮಾನ ಕಾಯ್ದಿದ್ದಳು. ಅವನು ಅವಳ ಮಾನ ಕಳೆದಿದ್ದ. ಕ್ಷಮಿಸು ಎನ್ನಲು ಬಾಯಿ ತೆರೆದರೆ ಆ ಮಾತು ಬಹಳ ಸಣ್ಣದೆನ್ನಿಸಿತು. ಕಡೆಗೆ, “ಆ ಹುಡುಗಿಗೆ ಹಾರ ಬೇಕು. ನೀನೇ ಆರಿಸು” ಎಂದ.

ದ್ಯಾಮವ್ವ ಕೈ ಒರೆಸಿಕೊಂಡು ತಟ್ಟೆಗಳ ಬಳಿ ಹೋದಳು. ಮುತ್ತುಗಳು ಒಂದಕ್ಕೊಂದು ತಾಗುವ ಸದ್ದು ಕೇಳಿತು. ಅವನು ಕೈ ಚಾಚಲಿಲ್ಲ. ಅವಳು ಆರಿಸಿ, ಪೋಣಿಸಿ, ಬಟ್ಟೆಯಲ್ಲಿ ಕಟ್ಟಿ ಅವನ ಅಂಗೈಯಲ್ಲಿಟ್ಟಳು. ಹೊಗಳಲಿಲ್ಲ, ಆಣೆ ಇಡಲಿಲ್ಲ.

ಬಸ್ಸಿನಲ್ಲಿ ವರ್ತಕ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತ. ಊರು ದಾಟುವ ಮೊದಲೇ ಅವನ ಬೆರಳು ಗಂಟಿನ ಮೇಲೆ ಹೋಯಿತು. ನಾನು ಅವಳ ಅನ್ನ ಕಿತ್ತವನು. ಅವಳು ನನಗೆ ಒಳ್ಳೆಯದನ್ನು ಏಕೆ ಕೊಟ್ಟಾಳು? ಕುರುಡನಿಗೆ ಏನು ಕಟ್ಟಿಕೊಟ್ಟರೂ ನಡೆಯುತ್ತದೆ. ಹಲ್ಲಿಗೆ ಒಮ್ಮೆ ಉಜ್ಜಿದರೆ ಗಾಜೋ ಮುತ್ತೋ ಎಂಬುದಾದರೂ ತಿಳಿಯುತ್ತದೆ. ಪಕ್ಕದಲ್ಲಿ ಕುಳಿತವರಿಗೆ ತೋರಿಸಿದರೆ ಹೊಳಪೂ ತಿಳಿಯುತ್ತದೆ. ಪಕ್ಕದವರು ಒಳ್ಳೆಯವರ ಹಾಗೆ ಮಾತಾಡುತ್ತಿದ್ದರು. ಕೇಳಿದ್ದರೆ ನೋಡಿ ಹೇಳುತ್ತಿದ್ದರು.

ಬೆರಳು ಗಂಟಿನ ತುದಿಯನ್ನು ಹಿಡಿದೇ ಇತ್ತು. ಜಗಲಿಯ ಮೇಲೆ ತಗ್ಗಿದ ದನಿಯಲ್ಲಿ ತನ್ನ ಕಿವಿಗಷ್ಟೇ ಕೇಳುವಂತೆ ಅವಳು ಆಡಿದ ಮಾತು ಅವನಿಗೆ ನೆನಪಾಯಿತು. ಅವನು ಕೈ ತೆಗೆದ. ಕಿಟಕಿಗೆ ತಲೆಯಾನಿಸಿದ. ಕೊಂಡ ಸರಕನ್ನು ತೊಡೆಯ ಮೇಲಿಟ್ಟುಕೊಂಡು ಅವನು ಹಿಂದೆಂದೂ ನಿದ್ದೆ ಮಾಡಿದವನಲ್ಲ. ಅಂದು ಪೇಟೆ ಬರುವವರೆಗೆ ಮಲಗಿದ.

ಬಸ್ಸಿಳಿದವನು ನೇರವಾಗಿ ಮದುಮಗಳ ಮನೆಗೆ ಹೋದ. ಅಂಗಳದಲ್ಲಿ ಚಪ್ಪರ ಹಾಕುತ್ತಿದ್ದರು. ನೆಂಟರು, ನೆರೆಯವರು, ಪೇಟೆಯ ವರ್ತಕರು ಸೇರಿದ್ದರು. ಇವನು ಎಲ್ಲರಿಗೂ ಕೇಳುವಂತೆ ಹೇಳಿದ:

“ದ್ಯಾಮವ್ವ ಮೋಸ ಮಾಡಲಿಲ್ಲ. ಬೇಡವೆಂದಳು, ನಾನು ಕೇಳಲಿಲ್ಲ. ನನ್ನ ಕಣ್ಣು ಹೋಗಿದೆ, ಅದನ್ನು ಮುಚ್ಚಿಡಲು ಅವಳ ಮೇಲೆ ಸುಳ್ಳು ಹೇಳಿದೆ. ಇವು ಅವಳು ಆರಿಸಿದ ಮುತ್ತುಗಳು. ನಾನು ನೋಡಿಲ್ಲ.”

ತಾಯಿ ಎರಡೂ ಕೈ ಚಾಚಿದಳು. ವರ್ತಕ ಗಂಟನ್ನು ಕಟ್ಟಿದ್ದ ಹಾಗೆಯೇ ಅವಳ ಕೈಗಿಟ್ಟ. ಅಂದಿನಿಂದ ಅವನು ಅಂಗಡಿಯಲ್ಲಿ ಕೂರಲಿಲ್ಲ. ಎಂದೂ ಮೋಸ ಹೋಗದವನು ಎಂಬ ಹೆಸರು ಅಲ್ಲಿಗೆ ಮುಗಿಯಿತು. ಅದಕ್ಕಾಗಿ ಅವನು ದುಃಖಪಟ್ಟದ್ದನ್ನು ಯಾರೂ ಕಾಣಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಮರುಳಪ್ಪ ಸ್ವಲ್ಪ ಮುಂದಕ್ಕೆ ಸರಿದು ಕೇಳಿದ: “ಗುರುಗಳೇ, ಆ ಮುತ್ತುಗಳು ಹೇಗಿದ್ದವು?”

“ಅವನು ಬಿಚ್ಚದ ಗಂಟಿಗೆ ನೀನು ಕೈ ಹಾಕಿದೆ, ಮರುಳಪ್ಪ” ಎಂದರು ಗುರುಗಳು.